ಅಕೈತಿಯ ಬಂಗಡೆ ಬಳ್ಳಿ

ನಮ್ಮ ಮಾಉಕೆ ದ್ವೀಪದಲ್ಲಿ ಅಕೈತಿಯ ಕೈಕೆಲಸ ನೋಡಬೇಕೆಂದರೆ ನೆಲ ಅಗೆಯಬೇಕು. ತಮಾಷೆಗೆ ಹೇಳುತ್ತಿಲ್ಲ. ನಲವತ್ತು ವರ್ಷ ಅವಳು ಕತ್ತರಿಸಿಕೊಟ್ಟ ಹೂಗಳ ಕೌದಿಗಳಲ್ಲಿ ಅರ್ಧಕ್ಕೂ ಹೆಚ್ಚು ಈಗ ಸತ್ತವರ ಮೈಮೇಲಿವೆ, ಮನೆಮನೆಯ ಅಂಗಳದ ಗೋರಿಗಳೊಳಗೆ. ಉಳಿದವು ಮದುವೆಗೆ, ಹುಡುಗರ ಕೂದಲು ಕತ್ತರಿಸುವ ಶಾಸ್ತ್ರಕ್ಕೆ ಹೋದವು, ಇಲ್ಲವೇ ಊರು ಬಿಟ್ಟು ಹೋಗುವ ಪಾದ್ರಿಗಳಿಗೆ ಉಡುಗೊರೆಯಾಗಿ ಹಡಗು ಹತ್ತಿದವು. ತಿವೈವೈ ಎಂದು ಕರೆಯುವ ಈ ಕೌದಿಯನ್ನು ನಾವು ಹೊದೆಯಲು ಹೊಲಿಯುವುದಿಲ್ಲ, ಕೊಡಲು ಹೊಲಿಯುತ್ತೇವೆ. ಅಕೈತಿಯೂ ಕೊಟ್ಟಳು. ಎಷ್ಟು ಕೊಟ್ಟಳೆಂದರೆ ಅರವತ್ತೆಂಟನೆಯ ವಯಸ್ಸಿನಲ್ಲಿ ಅವಳ ಪೆಟ್ಟಿಗೆಯಲ್ಲಿ ತನ್ನದೆನ್ನುವ ಒಂದೇ ಒಂದು ಕೌದಿ ಇರಲಿಲ್ಲ.

ನಾನು ಕಿಮಿ. ಕತ್ತರಿ ಹಿಡಿದವಳಲ್ಲ, ಸೂಜಿ ಹಿಡಿದವಳು. ನನ್ನ ಹೊಲಿಗೆ ಅರೆಓರಾ ಹಳ್ಳಿಯಲ್ಲೇ ನಯವಾದದ್ದು ಎಂದು ಅಕೈತಿ ಹೇಳುತ್ತಿದ್ದಳು. ಈಗ ಅವಳಿಲ್ಲ, ಹಾಗಾಗಿ ನಾನೇ ಹೇಳಿಕೊಳ್ಳಬೇಕಾಗಿದೆ. ಆ ನಯವಾದ ಹೊಲಿಗೆಯಿಂದ ನಾನು ಮಾಡಿದ್ದೇನೆಂಬುದನ್ನೂ ಹೇಳುತ್ತೇನೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಸಾಕು.

ಅವಳಿಗೆ ಹೂವಿನ ಹುಚ್ಚು ಹುಟ್ಟಿನಿಂದಲೇ ಬಂದದ್ದು. ಶಾಲೆಯಲ್ಲಿ ನಾವು ಲೆಕ್ಕ ಬಿಡಿಸುತ್ತಿದ್ದರೆ ಅವಳು ಅಗಲ ಎಲೆಯೊಂದನ್ನು ನಾಲ್ಕಾಗಿ ಮಡಿಸಿ, ಹೆಬ್ಬೆರಳ ಉಗುರಿನಿಂದ ಕಚಕಚ ಚಿವುಟಿ, ಬಿಡಿಸಿ ಕಿಟಕಿಗೆ ಹಿಡಿಯುತ್ತಿದ್ದಳು. ಎಲೆಯ ತುಂಬ ತೂತಿನ ಹೂಗಳು. ಮೇಷ್ಟರು ಆ ಎಲೆಯಿಂದಲೇ ಅವಳ ಕೆನ್ನೆಗೆ ಹೊಡೆಯುತ್ತಿದ್ದರು. ಎಲೆಯ ಏಟು, ನೋವಾಗುತ್ತಿರಲಿಲ್ಲ; ಹೂವು ಹರಿಯಿತಲ್ಲಾ ಎಂದು ಅಳುತ್ತಿದ್ದಳು. ದೊಡ್ಡವಳಾದ ಮೇಲೆ ಅಂಗಡಿಗೆ ಉಪ್ಪು ತರಲು ಹೋಗುವಾಗಲೂ ತಲೆಗೆ ಹೂವಿನ ಸಿಂಬಿ ಕಟ್ಟಿಕೊಳ್ಳದೆ ಹೊರಡುತ್ತಿರಲಿಲ್ಲ. ಕೆಟ್ಟುಹೋದ ಬಟ್ಟೆ ಒಗೆಯುವ ಯಂತ್ರದ ಡಬ್ಬಿಯಲ್ಲಿ ಕಮಲ ಬೆಳೆಸಿದಳು. ಗಂಡ ಇಯೋವಾನೆ ಮೀನು ಹಿಡಿದು ತಂದರೆ ಹೂವಿನ ಕುಂಡಗಳ ನಡುವೆ ಅದನ್ನು ಇಡಲು ಜಾಗ ಹುಡುಕುತ್ತಿದ್ದ.

"ಈ ಮನೇಲಿ ನಾನು ಬೇರು ಬಿಟ್ಟಿದ್ರೆ ನನಗೂ ನೀರು ಹಾಕ್ತಿದ್ಳೇನೋ," ಎಂದು ಅವನು ಎಲ್ಲರ ಮುಂದೆ ಗೊಣಗುತ್ತಿದ್ದ. ಅವನು ಸತ್ತಾಗ ಅವಳು ಕತ್ತರಿಸಿದ ದೇವಕಣಗಿಲೆಯ ಕೌದಿ ಅವನ ಜೊತೆ ಹೋಯಿತು.

ಹೊಲಿಗೆ ನಮ್ಮಲ್ಲಿ ಒಬ್ಬರ ಕೆಲಸವಲ್ಲ. ಬಳಗದ ಹನ್ನೆರಡು ಹೆಂಗಸರು ಚಾಪೆಯ ಮೇಲೆ ಸುತ್ತ ಕೂರುತ್ತೇವೆ. ಆದರೆ ಬಟ್ಟೆ ಮಡಿಸಿ ಹೂವನ್ನು ಕತ್ತರಿಸುವವಳು ಒಬ್ಬಳೇ. ಬಣ್ಣದ ಬಟ್ಟೆಯನ್ನು ಅಗಲವಾಗಿ ಹಾಸಿ, ನಾಲ್ಕಾಗಿ ಮಡಿಸಿ, ಒಂದೇ ಸಲಕ್ಕೆ ಕತ್ತರಿಸಬೇಕು. ಬಿಡಿಸಿದಾಗ ನಡುವಿನಿಂದ ನಾಲ್ಕೂ ಕಡೆ ಹೂವು ಹರಡಿಕೊಂಡ ಅಖಂಡ ಬಟ್ಟೆ ಸಿಗುತ್ತದೆ, ಅದನ್ನು ಬಿಳಿಯ ಮೇಲಿಟ್ಟು ಹೊಲಿಯುತ್ತೇವೆ. ಕತ್ತರಿ ಮಡಿಕೆಯ ನಡುಮೂಲೆಯನ್ನು, ಅಂದರೆ ಬಟ್ಟೆಯ ನಟ್ಟನಡು ಬಂದು ಕೂತ ಮೂಲೆಯನ್ನು, ಮುಟ್ಟದೆ ಕಾಯಬೇಕು. ಆ ಮೂಲೆ ಹೋಯಿತೆಂದರೆ ಹೂವು ನಾಲ್ಕು ತುಂಡು. ಕಲಿಯುವ ಹುಡುಗಿಯರು ಮಾಡುವ ತಪ್ಪು ಅದು, ಮಾಡಿ ತಾಯಂದಿರಿಂದ ಬೈಸಿಕೊಳ್ಳುತ್ತಾರೆ. ಆದರೆ ಬಳಗದ ಕತ್ತರಿಗಾರ್ತಿಯ ತಪ್ಪನ್ನು ಅವಳ ಮುಂದೆ ಯಾರೂ ಎತ್ತಿ ಆಡುವುದಿಲ್ಲ. ಅದೇ ರೀತಿ ಒಬ್ಬಳು ಹಾಕಿದ ಹೊಲಿಗೆಯನ್ನು ಇನ್ನೊಬ್ಬಳು ಬಿಚ್ಚುವುದಿಲ್ಲ. ಬಿಚ್ಚಿದರೆ ಮುಖಕ್ಕೆ ಉಗಿದ ಹಾಗೆ.

ಊರಿನವರು ಕೇಳಿದ್ದನ್ನೆಲ್ಲ ಅಕೈತಿ ಕತ್ತರಿಸಿಕೊಟ್ಟಳು. ಕೇಳುವುದೇನು, ಎಲ್ಲರಿಗೂ ಬೇಕಾದದ್ದು ಅದೇ ದಾಸವಾಳ, ಅದೇ ದೇವಕಣಗಿಲೆ. ನಡುನಡುವೆ ತನ್ನದೊಂದು ಚೇಷ್ಟೆ ಸೇರಿಸುತ್ತಿದ್ದಳು. ಈಗ ಬಳಗವನ್ನು ನಡೆಸುವ ಪುರೋತುವಿನ ಮದುವೆಯ ಕೌದಿಯಲ್ಲಿ ಒಂದು ಎಲೆಗೆ ಹುಳ ತಿಂದ ತೂತು ಕತ್ತರಿಸಿಟ್ಟಿದ್ದಳು.

"ಮದುವೆ ಹಾಸಿಗೆ ಮೇಲೆ ಹುಳ ತಿಂದ ಎಲೆಯೇನೇ? ನಿನ್ನ ಬುದ್ಧಿಗೇ ಹುಳ ಬಿದ್ದಿದೆ!" ಎಂದು ಪುರೋತು ಕೂಗಾಡಿದಳು.

"ನಿಮ್ಮನೆ ಗಿಡದ್ದೇ ಕಣೇ ಆ ಎಲೆ. ಹೋಗಿ ನೋಡ್ಕೊಂಡ್ ಬಾ," ಎಂದು ಅಕೈತಿ ನಕ್ಕಳು. ಆಮೇಲೆ ತಾನೇ ಕೂತು ತೂತಿಗೆ ತೇಪೆ ಹಾಕಿಕೊಟ್ಟಳು. ಇಂಥವು ಎಷ್ಟೋ ಆದವು. ಪ್ರತಿ ಸಲವೂ ನಾವು ಸರಿಪಡಿಸಿದೆವು, ಪ್ರತಿ ಸಲವೂ ಅವಳು ನಕ್ಕಳು. ನಗುತ್ತಿದ್ದಾಳೆ ಅಂದಮೇಲೆ ಬೇಜಾರಿಲ್ಲ ಎಂದುಕೊಂಡವರು ನಾವು.

ಆಮೇಲೆ ಸಕ್ಕರೆ ಕಾಯಿಲೆ ಬಂತು. ಮೊದಲು ಕಾಲಿನ ಎರಡು ಬೆರಳು ಹೋದವು, ಆಮೇಲೆ ಕಣ್ಣು ಮಂಜಾಯಿತು. ರಾರೊಟೋಂಗಾ ದ್ವೀಪದ ದೊಡ್ಡ ಆಸ್ಪತ್ರೆಗೆ ಹೋಗಿಬಂದಳು. ತಡವಾಯಿತು ಎಂದರಂತೆ. ವಿಮಾನದಿಂದ ಇಳಿದವಳು ನಾನು ಹಾಕಿದ ಹೂವಿನ ಹಾರವನ್ನು ಮೂಸಿ ನೋಡಿ, "ತಿಯಾರೆ ಹೂವು. ನಿನ್ನೆ ಕಿತ್ತಿದ್ದು. ಸೋಮಾರಿ," ಎಂದಳು. ವಿಮಾನ ನಿಲ್ದಾಣದಲ್ಲೇ ಕೆಲಸ ಮಾಡುವ ಅವಳ ಮಗಳು ಮೀ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಕಣ್ಣಲ್ಲಿ ಬೆಳಕು ಮತ್ತು ನೆರಳು ಮಾತ್ರ ಉಳಿದಿದ್ದಾಗ ಅಕೈತಿ ಬಳಗವನ್ನು ಕರೆಸಿದಳು. "ಇನ್ನೊಂದು ಕತ್ತರಿಸ್ತೀನಿ. ಇದು ನನಗೆ. ನನ್ನ ಜೊತೆ ಗುಂಡಿಗೆ ಬರೋದು. ಹೂವನ್ನ ನಾನೇ ಆರಿಸ್ಕೋತೀನಿ, ಯಾರೂ ಬಾಯಿ ಹಾಕಬೇಡಿ," ಎಂದಳು.

"ಯಾವ ಹೂವಕ್ಕಾ?" ಎಂದು ಚಿಕ್ಕವಳೊಬ್ಬಳು ಕೇಳಿದಳು.

"ಬಂಗಡೆ ಬಳ್ಳಿ."

ಎಲ್ಲರೂ ಮುಖ ಮುಖ ನೋಡಿಕೊಂಡೆವು. ಸಮುದ್ರದ ಮರಳಿನ ಮೇಲೆ ತಾನಾಗಿ ಹಬ್ಬುವ ನೇರಳೆ ಹೂವಿನ ಬಳ್ಳಿ ಅದು. ಯಾರೂ ನೆಡುವುದಿಲ್ಲ, ಯಾರೂ ಮುಡಿಯುವುದಿಲ್ಲ. ಕಿತ್ತರೆ ಮನೆ ಮುಟ್ಟುವಷ್ಟರಲ್ಲಿ ಬಾಡಿರುತ್ತದೆ.

"ಹಂದಿ ತುಳಿಯೋ ಕಳೆ ಅದು," ಪುರೋತುವಿಗೆ ತಡೆಯಲಾಗಲಿಲ್ಲ. "ಇಡೀ ಊರಿಗೆ ದಾಸವಾಳ ಕೊಟ್ಟೋಳು ಕಳೆ ಹೊದ್ಕೊಂಡ್ ಹೋಗ್ತೀಯಾ?"

"ಹೊದ್ಕೊಳ್ಳೋಳು ನಾನು. ನಿನಗ್ಯಾಕೆ ಚಳಿ?"

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕತ್ತರಿಸುವ ಕೆಲಸ ಆಯಿತು. ಮೀ ನೇರಳೆ ಬಟ್ಟೆ ತರಿಸಿದ್ದಳು. ಹೆಂಗಸರು ಪ್ರಾರ್ಥನೆ ಹೇಳಿ, ಚಹಾ ಕುಡಿದು, ಸುತ್ತ ಕೂತರು. ಅಕೈತಿ ಬಟ್ಟೆಯನ್ನು ಮಡಿಸಿ, ಅಂಗೈಯಿಂದ ಸವರಿ, ಮೂಲೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದಳು. ಒಂದು ಮೂಲೆಯನ್ನು ಮೂರು ಸಲ ಮುಟ್ಟಿದಳು. ಆಮೇಲೆ ಇಡೀ ಮಡಿಕೆಯನ್ನು ತಿರುಗಿಸಿ ಇಟ್ಟುಕೊಂಡಳು. ಉಲ್ಟಾ ತಿರುಗಿಸಿದಳಲ್ಲಾ ಎಂದುಕೊಂಡೆ. ಬಾಯಿ ತೆರೆಯಲಿಲ್ಲ. ಕತ್ತರಿ ಕಾಯಬೇಕಾದ ನಡುಮೂಲೆಯನ್ನೇ ದೊಡ್ಡದಾಗಿ ಕತ್ತರಿಸಿ ತೆಗೆಯಿತು.

ಬಿಡಿಸಿದೆವು. ನಾಲ್ಕು ತುಂಡು. ನಾಲ್ಕು ಬಳ್ಳಿ, ಒಂದೊಂದರ ಮೇಲೂ ಎಲೆ, ಮೊಗ್ಗು, ಅಗಲವಾಗಿ ಬಿರಿದ ಹೂವು. ಅವಳ ಕೈ ಅಷ್ಟು ಚೆನ್ನಾಗಿ ಹಿಂದೆಂದೂ ಆಡಿರಲಿಲ್ಲ. ಆದರೆ ನಡುವೆ ಏನೂ ಇಲ್ಲ. ಬಿಳಿಯ ಮೇಲೆ ಇಟ್ಟಾಗ ನಾಲ್ಕು ಮೂಲೆಯಿಂದ ಬಳ್ಳಿಗಳು ಒಳಗೆ ಬಂದು ಒಂದನ್ನೊಂದು ಮುಟ್ಟದೆ ನಿಂತವು. ನಡುವೆ ಒಂದು ಚಾಪೆಯಷ್ಟು ಬಿಳಿ.

ಹನ್ನೆರಡೂ ಹೆಂಗಸರು ಆ ಬಿಳಿಯನ್ನೇ ನೋಡಿದೆವು. ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು.

"ಹೇಗಿದೆ?" ಎಂದಳು ಅಕೈತಿ. ಅವಳ ಮುಖ ನಮ್ಮೆಲ್ಲರ ಕಡೆ ತಿರುಗುತ್ತಿತ್ತು, ಯಾರ ಮೇಲೂ ನಿಲ್ಲುತ್ತಿರಲಿಲ್ಲ.

"ಚೆನ್ನಾಗಿದೆ," ಎಂದಳು ಪುರೋತು. ಒಳ್ಳೆಯ ಹೆಂಗಸು ಅವಳು, ಬಾಯಿ ಮಾತ್ರ ಜೋರು. ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಎಂದೆವು.

"ಬೈತೀರಿ ಅಂದ್ಕೊಂಡಿದ್ದೆ," ಎಂದು ಅಕೈತಿ ನಕ್ಕಳು. ಅವಳು ಅಷ್ಟು ಹಗುರಾಗಿ ನಕ್ಕಿದ್ದನ್ನು ನಾನು ಇಯೋವಾನೆ ಸತ್ತ ಮೇಲೆ ಕಂಡಿರಲಿಲ್ಲ. ಪಾಪ, ಗೊತ್ತಿಲ್ಲದೆ ನಗುತ್ತಿದ್ದಾಳೆ ಎಂದುಕೊಂಡೆ.

ಹೊರಗೆ ಬ್ರೆಡ್‌ಫ್ರೂಟ್ ಮರದ ಕೆಳಗೆ ನಿಂತು ನಾವು ಗುಸುಗುಸು ಮಾತಾಡಿದೆವು. ಕಣ್ಣಿಲ್ಲದವಳ ಕೈ ತಪ್ಪಿತು, ಹೇಳಿದರೆ ಎದೆ ಒಡೆದುಕೊಳ್ಳುತ್ತಾಳೆ. ಹಾಗೇ ಹೊಲಿದರೆ ಗುಂಡಿಗಿಳಿಸುವಾಗ ಊರೆಲ್ಲ ನೋಡುತ್ತದೆ, ಕತ್ತರಿಗಾರ್ತಿಯ ಕೊನೆಯ ಕೆಲಸ ಹರಿದ ಕೌದಿ ಎಂದು. ಆಗ ಉಪಾಯ ಹೇಳಿದವಳು ಬೇರಾರೂ ಅಲ್ಲ, ನಾನೇ.

"ಕತ್ತರಿಸಿ ಉಳಿದ ಬಟ್ಟೆಯಲ್ಲಿ ನಡುವೆ ಒಂದು ದೊಡ್ಡ ದಾಸವಾಳ ಕೂರಿಸೋಣ. ಎಲೆಗಳಿಂದ ನಾಲ್ಕು ಬಳ್ಳಿನೂ ಸೇರಿಸೋಣ. ಅವಳದೇ ಹಳೇ ಕಾಗದದ ನಮೂನೆ ನನ್ನ ಹತ್ರ ಇದೆ."

"ಕಿಮೀ, ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು," ಎಂದು ಪುರೋತು ನನ್ನನ್ನು ಅಪ್ಪಿಕೊಂಡಳು.

ನಾಲ್ಕು ತಿಂಗಳು ಹೊಲಿದೆವು. ಬಳ್ಳಿಗಳನ್ನು ಅವಳ ಜಗಲಿಯಲ್ಲಿ ಅವಳ ಮುಂದೆಯೇ, ದಾಸವಾಳವನ್ನು ನನ್ನ ಮನೆಯಲ್ಲಿ ಕದ್ದು. ಇಷ್ಟು ಶ್ರದ್ಧೆಯಿಂದ ನಾವು ಯಾರ ಮದುವೆಗೂ ಹೊಲಿದಿರಲಿಲ್ಲ. ನಡುವಿನ ಹೂವಿನ ಅಂಚು ಪೂರ್ತಿ ನನ್ನದು. ಸೂಜಿಯ ಜಾಡೂ ಕಾಣುವುದಿಲ್ಲ.

ಜೂನ್ ಕೊನೆಯಲ್ಲಿ ಕೌದಿಯನ್ನು ಅವಳ ಮಂಚದ ಮೇಲೆ ಹಾಸಿದೆವು. ಅಷ್ಟು ಹೊತ್ತಿಗೆ ಅವಳು ಏಳುವುದು ಕಡಿಮೆಯಾಗಿತ್ತು. ಎದ್ದು ಕೂತು ಎರಡೂ ಅಂಗೈಯಿಂದ ಒಂದು ಮೂಲೆಯಿಂದ ಸವರುತ್ತಾ ಬಂದಳು. ಎಲೆ, ಮೊಗ್ಗು, ಹೂವು. "ಹಾಂ," ಎಂದಳು. "ಹಾಂ, ಇದು ಕಿಮಿ ಕೈ. ಇದು ಪುರೋತು, ದಾರ ಎಳೆದಿದಾಳೆ ಕತ್ತೆ." ಹೆಂಗಸರು ನಕ್ಕರು. ಕೈಗಳು ನಡುವಿಗೆ ಬಂದವು, ನಿಂತವು. ಬೆರಳು ಒಂದು ಎಸಳಿನ ಅಂಚು ಹಿಡಿದು ಸುತ್ತಿತು, ಇನ್ನೊಂದು ಎಸಳು, ಇನ್ನೊಂದು. ಐದೂ ಎಣಿಸಿದಳು.

"ಇದೇನು?"

"ಹೂವು ಅಕೈತಿ. ನಡುವೆ ಸ್ವಲ್ಪ ಖಾಲಿ ಕಾಣ್ತಿತ್ತು..." ಪುರೋತು ಮಾತು ಹುಡುಕಿದಳು. "ನಿನ್ನದೇ ದಾಸವಾಳ. ಈಗ ತುಂಬಿಕೊಂಡಿದೆ. ಅರಸಿ ಹೊದೆಯೋ ಹಾಗಿದೆ ನೋಡು."

ಅಕೈತಿ ಐದು ಎಸಳನ್ನೂ ಇನ್ನೊಮ್ಮೆ ಸವರಿದಳು. ಆಮೇಲೆ, "ಹೊಲಿಗೆ ಚೆನ್ನಾಗಿದೆ. ಎಲ್ಲಾರೂ ಕಷ್ಟಪಟ್ಟಿದೀರಿ," ಎಂದಳು. ಈ ಸಲ ನಗಲಿಲ್ಲ. ಬಾಳೆಹಣ್ಣಿನ ಪೊಕೆ ಎಂಬ ಸಿಹಿ ತಿಂದು ಹೆಂಗಸರು ಹೊರಟರು. ನನ್ನ ಕೈಯನ್ನು ಅವಳು ಬಿಡಲಿಲ್ಲ.

"ಕಿಮಿ. ನಡುವೆ ಯಾಕೆ ಹಾಕಿದ್ರಿ?"

ಇನ್ನು ಸುಳ್ಳು ಹೇಳಿ ಏನು ಎಂದು ನಾನು ಹೇಳಿಬಿಟ್ಟೆ. "ಮಡಿಕೆ ತಪ್ಪಾಯ್ತು ಕಣೇ ನಿಂದು. ಬಿಡಿಸಿದ್ರೆ ನಾಲ್ಕು ತುಂಡು. ನಿನಗೆ ನೋವಾಗುತ್ತೆ ಅಂತ ಹೇಳಲಿಲ್ಲ."

"ತಪ್ಪಾ?" ಅವಳ ಕುರುಡುಗಣ್ಣು ನನ್ನ ಮುಖವನ್ನು ಹುಡುಕಿತು. "ಅರವತ್ತು ವರ್ಷದಿಂದ ಮಡಿಸ್ತಿದೀನಿ. ಮೂಲೆ ಗೊತ್ತಾಗಲ್ವೇನೇ ನನಗೆ? ಬೇಕಂತಲೇ ತಿರುಗಿಸಿದ್ದು."

ನಾನು ಮಂಚದ ಅಂಚಿಗೆ ಕೂತೆ. ಅವಳೇ ಮುಂದುವರಿಸಿದಳು.

"ನೀನು ಬಂಗಡೆ ಬಳ್ಳಿ ನೋಡಿಲ್ವಾ? ಮರಳ ಮೇಲೆ ಆ ಕಡೆಯಿಂದ ಈ ಕಡೆಯಿಂದ ಬರುತ್ತೆ. ನಡುವೆ ಬರೀ ಮರಳು. ಚಿಕ್ಕೋಳಿದ್ದಾಗ ಅಲ್ಲಿ ಹೋಗಿ ಮಲಗ್ತಿದ್ದೆ. ಮರಳು ಬಿಸಿ ಇರೋದು. ಸುತ್ತ ಹೂವು, ಮೈಮೇಲೆ ಏನೂ ಇಲ್ಲ. ಯಾರೂ ಏನೂ ಕೇಳ್ತಿರಲಿಲ್ಲ ನನ್ನ ಅಲ್ಲಿ." ಅವಳು ದಾಸವಾಳದ ಮೇಲೆ ಅಂಗೈ ಇಟ್ಟಳು. "ಇದು ನಾನು ಮಲಗೋ ಜಾಗ ಕಣೇ. ಚೆನ್ನಾಗಿದೆ ಅಂದ್ರಲ್ಲ ಎಲ್ಲಾರೂ. ಅರ್ಥ ಆಯ್ತು ಅಂದ್ಕೊಂಡಿದ್ದೆ."

ನಾನು ಅತ್ತೆ. ಅವಳು ಅಳಲಿಲ್ಲ.

"ಬಿಚ್ಚು," ಎಂದಳು. "ನೀನು ಹಾಕಿದ್ದು, ನೀನೇ ಬಿಚ್ಚು. ಅವರಿಗೆ ಹೇಳಬೇಡ, ಪಾಪ. ಒಂದು ಸಲನಾದ್ರೂ ನನ್ನದು ನನ್ನ ಹಾಗೇ ಇರಲಿ ಕಿಮಿ."

ಹೂಂ ಎಂದೆ. ಆಣೆ ಮಾಡಿದೆ. ಕೌದಿಯನ್ನು ಮನೆಗೆ ತಂದೆ.

ಬಿಚ್ಚುವುದು ಎಷ್ಟು ಹೊತ್ತಿನ ಕೆಲಸ? ಎರಡು ದಿನ. ಆದರೆ ಎಸಳುಗಳ ಅಂಚು ನನ್ನದಾದರೂ ಒಳಗಿನ ಗೆರೆಗಳು ಪುರೋತುವಿನವು, ಎಲೆಗಳು ಉಳಿದವರವು. ಗುಂಡಿಯ ಹತ್ತಿರ ಕೌದಿ ಬಿಡಿಸಿದಾಗ ಹನ್ನೊಂದು ಹೆಂಗಸರು ನೋಡುತ್ತಾರೆ. ಕಿಮಿ ನಮ್ಮ ಹೊಲಿಗೆ ಕಿತ್ತೆಸೆದಳು ಎಂದು ಸಾಯುವವರೆಗೂ ನನ್ನ ಜೊತೆ ಚಾಪೆಯ ಮೇಲೆ ಕೂರುವುದಿಲ್ಲ. ದ್ವೀಪಕ್ಕೆ ಕ್ರಿಸ್ತಮತ ಬಂದ ನೆನಪಿನ ಸುವಾರ್ತೆಯ ಹಬ್ಬ ಬೇರೆ ಹತ್ತಿರವಿತ್ತು, ಟೋಪಿ ಹೆಣೆಯಬೇಕು, ಹಾಡು ಕಲಿಯಬೇಕು. ಹಬ್ಬ ಮುಗಿಯಲಿ ಎಂದುಕೊಂಡೆ. ಒಂದು ಮಧ್ಯಾಹ್ನ ಧೈರ್ಯ ಮಾಡಿ ಕತ್ತರಿ ತೆಗೆದುಕೊಂಡು ಒಂದು ಎಸಳು ಬಿಚ್ಚಿದೆ. ಅಷ್ಟರಲ್ಲಿ ಬಾಗಿಲಲ್ಲಿ ಪುರೋತುವಿನ ಸ್ಕೂಟರ್ ನಿಂತ ಸದ್ದು. ಕೌದಿಯನ್ನು ದಿಂಬಿನ ಕೆಳಗೆ ತುರುಕಿದೆ. ಹಬ್ಬದ ಹಾಡಿನ ಬಗ್ಗೆ ಮಾತಾಡಿ ಅವಳು ಹೋದಳು. ಅವಳು ಹೋದ ಮೇಲೆ ನಾನು ಏನು ಮಾಡಿದೆ ಗೊತ್ತೇ? ಆ ಎಸಳನ್ನು ಮತ್ತೆ ಹೊಲಿದೆ. ಮೊದಲಿಗಿಂತ ನಯವಾಗಿ.

ಹಬ್ಬದ ಮರುದಿನ ಅಕೈತಿಗೆ ಜ್ವರ ಏರಿತು. ನಾನು ಪಕ್ಕದಲ್ಲಿ ಕೂತು ತುಟಿಗೆ ಎಳನೀರು ಹಚ್ಚುತ್ತಿದ್ದೆ.

"ಬಿಚ್ಚಿದ್ಯೇನೇ?"

"ಬಿಚ್ಚಿದೆ."

"ತಗೊಂಡ್ ಬಾ. ಮುಟ್ಟಿ ನೋಡ್ತೀನಿ."

"ಒಗೆದು ಒಣಗಹಾಕಿದೀನಿ. ನಾಳೆ ತರ್ತೀನಿ."

"ನಡುವೆ ಖಾಲಿ ಇದೆ ತಾನೆ?"

"ಖಾಲಿ ಇದೆ ಅಕೈತಿ. ಬರೀ ಬಿಳಿ."

ಅವಳು ನನ್ನ ಕೈ ತಟ್ಟಿ, ಗೋಡೆಯ ಕಡೆ ಹೊರಳಿ ಮಲಗಿದಳು. ಮಾರನೆಯ ದಿನ ಬೆಳಿಗ್ಗೆ ಮೀ ಅಳುತ್ತಾ ಬಂದು ಕರೆದಳು.

ನಮ್ಮಲ್ಲಿ ಹೆಣವನ್ನು ಬಹಳ ಹೊತ್ತು ಇಡುವುದಿಲ್ಲ. ಹೆಂಗಸರು ಹೂವಿನ ರಾಶಿ ಹೊತ್ತು ಬಂದರು, ಪುರೋತು ಸೀದಾ ನನ್ನ ಮನೆಗೆ ಬಂದು ಕೌದಿ ಎತ್ತಿಕೊಂಡಳು. ನಾನು ಕೊಟ್ಟೆ. ಪೆಟ್ಟಿಗೆಯೊಳಗೆ ಅವಳನ್ನು ಮಲಗಿಸಿ ಹೊದಿಸಿದಾಗ ದಾಸವಾಳ ಸರಿಯಾಗಿ ಎದೆಯ ಮೇಲೆ ಬಂತು. ಚರ್ಚಿನ ಪಾದ್ರಿ ಅದನ್ನೇ ತೋರಿಸಿ, ಕಣ್ಣಿಲ್ಲದಿದ್ದರೂ ಈ ತಾಯಿ ಎಂಥ ಹೂವು ಅರಳಿಸಿದಳು ನೋಡಿ ಎಂದು ಪ್ರವಚನ ಮಾಡಿದರು. ಜನ ಗೋಳೋ ಎಂದು ಅತ್ತರು. ನಾನು ಎಲ್ಲರಿಗಿಂತ ಜೋರಾಗಿ ಅತ್ತೆ, ಅದಕ್ಕೆ ಎಲ್ಲರೂ ನನ್ನನ್ನೇ ಸಮಾಧಾನ ಮಾಡಿದರು. ಆ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ.

ಹತ್ತು ತಿಂಗಳ ಮೇಲೆ, ವರ್ಷ ತುಂಬುವಾಗ ಗೋರಿಗೆ ಕಲ್ಲು ನಿಲ್ಲಿಸುವ ಸಿದ್ಧತೆ ನಡೆದಾಗ ಮೀ ನಮ್ಮ ಹೊಲಿಗೆಯ ಚಾಪೆಗೆ ಬಂದು ಕೂತಳು. ಬಳಗವೆಲ್ಲ ಅಲ್ಲೇ ಇತ್ತು.

"ಕಿಮಿ ಚಿಕ್ಕಮ್ಮ, ಕಲ್ಲಿನ ಮೇಲೆ ಒಂದು ಹೂವು ಕೆತ್ತಿಸ್ಬೇಕು ಅಂತಿದೀನಿ. ಅಮ್ಮ ಕೇಳಿದ್ದು ಬಂಗಡೆ ಬಳ್ಳಿ, ಆದ್ರೆ ಅದು ಕಳೆ ಅಂತಾರೆ ಎಲ್ಲಾರೂ. ಕೌದಿ ನಡುವೆ ಇದ್ದದ್ದು ದಾಸವಾಳ. ಅವಳಿಗೆ ತುಂಬ ಇಷ್ಟ ಆಗಿದ್ದು ಯಾವುದು? ನೀವು ಹೇಳಿ, ಹಾಗೇ ಬರೆದು ಕಳಿಸ್ತೀನಿ."

ಹನ್ನೊಂದು ಸೂಜಿಗಳು ನಿಂತವು. ಪುರೋತು ಕನ್ನಡಕದ ಮೇಲಿನಿಂದ ನನ್ನನ್ನು ನೋಡುತ್ತಿದ್ದಳು. ಅಕೈತಿ ನನಗೆ ಹೇಳಿದ್ದೇನೂ ಅವಳಿಗೆ ಗೊತ್ತಿರಲಿಲ್ಲ, ಸುಮ್ಮನೆ ಉತ್ತರಕ್ಕೆ ಕಾಯುತ್ತಿದ್ದಳು.

"ದಾಸವಾಳನೇ ಕಣಮ್ಮ," ಎಂದೆ.

ಮೀ ನನ್ನ ಹೆಗಲಿಗೆ ತಲೆಯಾನಿಸಿದಳು. "ಅಮ್ಮನ್ನ ನಿಮ್ಮಷ್ಟು ಅರ್ಥ ಮಾಡ್ಕೊಂಡೋರು ಯಾರೂ ಇಲ್ಲ ಚಿಕ್ಕಮ್ಮ," ಎಂದಳು. ನಾನು ಹೂಂ ಎಂದೆ.